10 ಮೀಟರ್ ಏರ್ ಪಿಸ್ತೂಲ್: ದುಬಾರಿ ಗನ್ ಕೊಳ್ಳುವ ಮೊದಲು ಇದ್ದದ್ದನ್ನೇ ಕೈಗೆ ಹೊಂದಿಸಿಕೊಳ್ಳುವುದು ಹೇಗೆ? ಇಲ್ಲಿದೆ ಪೂರ್ಣ ಮಾಹಿತಿ

ಪುಣೆ: 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ 10 ಮೀಟರ್ ಏರ್ ಪಿಸ್ತೂಲ್ ಅರ್ಹತಾ ಸುತ್ತಿನಲ್ಲಿ ಭಾರತದ ಸರಬ್ಜೋತ್ ಸಿಂಗ್ 577 ಅಂಕ ಗಳಿಸಿದ್ದರು. ಎಂಟನೇ ಸ್ಥಾನ ಪಡೆದು ಫೈನಲ್ ತಲುಪಿದ ಜರ್ಮನಿಯ ರಾಬಿನ್ ವಾಲ್ಟರ್ ಅವರ ಅಂಕವೂ 577. ವ್ಯತ್ಯಾಸ ಇದ್ದದ್ದು ಒಂದೇ ಒಂದು 'ಇನ್ನರ್ ಟೆನ್'ನಲ್ಲಿ: ವಾಲ್ಟರ್ 17, ಸರಬ್ಜೋತ್ 16. ಇನ್ನರ್ ಟೆನ್ ಎಂದರೆ ಗುರಿಫಲಕದ ನಟ್ಟನಡುವೆ ಇರುವ 5 ಮಿಲಿಮೀಟರ್ ವ್ಯಾಸದ ಪುಟ್ಟ ವೃತ್ತ. ಮೂರೇ ದಿನಗಳ ಬಳಿಕ ಮನು ಭಾಕರ್ ಜತೆಗೂಡಿ ಮಿಶ್ರ ತಂಡ ವಿಭಾಗದಲ್ಲಿ ಕಂಚು ಗೆದ್ದ ಸರಬ್ಜೋತ್ ಆ ನೋವು ಮರೆತರು.

ಇಷ್ಟು ಸಣ್ಣ ಅಂತರದಲ್ಲಿ ಭವಿಷ್ಯ ನಿರ್ಧಾರವಾಗುವ ಆಟದಲ್ಲಿ, ಪಿಸ್ತೂಲ್ ಶೂಟರ್‌ನ ಕೈಗೆ ಎಷ್ಟು ಹೊಂದಿಕೊಂಡಿದೆ ಎಂಬುದು ದೊಡ್ಡ ಪ್ರಶ್ನೆ. ಆದರೆ ಹೊಸದಾಗಿ ಶೂಟಿಂಗ್‌ಗೆ ಬರುವ ಮಕ್ಕಳು ಮತ್ತು ಪೋಷಕರು ಮೊದಲು ಯೋಚಿಸುವುದು ಇನ್ನೂ ದುಬಾರಿ ಪಿಸ್ತೂಲಿನ ಬಗ್ಗೆ. ಆಮದಾದ ಸ್ಪರ್ಧಾ ಪಿಸ್ತೂಲಿನ ಬೆಲೆ ಲಕ್ಷ ರೂಪಾಯಿ ದಾಟುತ್ತದೆ. ಅಷ್ಟು ಹಣ ಸುರಿಯುವ ಮೊದಲು ಕೈಯಲ್ಲಿರುವ ಪಿಸ್ತೂಲಿನ ಹಿಡಿ, ಟ್ರಿಗರ್, ಸೈಟ್ ಮತ್ತು ಸಿಲಿಂಡರ್ ಸರಿಯಿವೆಯೇ ಎಂದು ನೋಡಿಕೊಳ್ಳುವುದು ಜಾಣತನ. ಇವುಗಳಲ್ಲಿ ಬಹುಪಾಲು ಕೆಲಸಕ್ಕೆ ಬೇಕಾದದ್ದು ಒಂದು ಅಲೆನ್ ಕೀ, ಸ್ವಲ್ಪ ವುಡ್ ಪುಟ್ಟಿ ಮತ್ತು ತಾಳ್ಮೆ.

ಪುಣೆಗೂ ಏರ್ ಪಿಸ್ತೂಲಿಗೂ ಏನು ನಂಟು?

ಪುಣೆಯ ಬಾಲೇವಾಡಿಯಲ್ಲಿರುವ ಶ್ರೀ ಶಿವಛತ್ರಪತಿ ಕ್ರೀಡಾ ಸಂಕೀರ್ಣ 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ತಲೆ ಎತ್ತಿದ್ದು. 2008ರ ಕಾಮನ್‌ವೆಲ್ತ್ ಯುವ ಕ್ರೀಡಾಕೂಟವೂ ಇಲ್ಲೇ ನಡೆಯಿತು. ಇಲ್ಲಿನ ಶೂಟಿಂಗ್ ರೇಂಜ್ ಪಶ್ಚಿಮ ಭಾರತದ ಶೂಟರ್‌ಗಳ ಪ್ರಮುಖ ತಾಣ. ಗಗನ್ ನಾರಂಗ್ ಮತ್ತು ಪವನ್ ಸಿಂಗ್ ಅವರ 'ಗನ್ ಫಾರ್ ಗ್ಲೋರಿ' ಅಕಾಡೆಮಿ 2011ರಲ್ಲಿ ಆರಂಭವಾದದ್ದೂ ಪುಣೆಯಲ್ಲೇ. ಮರುವರ್ಷ ಲಂಡನ್ ಒಲಿಂಪಿಕ್ಸ್‌ನಲ್ಲಿ ನಾರಂಗ್ 10 ಮೀಟರ್ ಏರ್ ರೈಫಲ್‌ನಲ್ಲಿ ಕಂಚು ಗೆದ್ದರು. ಪಕ್ಕದ ಕೊಲ್ಹಾಪುರದವರಾದ ರಾಹಿ ಸರ್ನೋಬತ್ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ 25 ಮೀಟರ್ ಪಿಸ್ತೂಲ್‌ನಲ್ಲಿ ಚಿನ್ನ ಗೆದ್ದು, ಈ ಕೂಟದಲ್ಲಿ ಚಿನ್ನ ಗೆದ್ದ ಭಾರತದ ಮೊದಲ ಮಹಿಳಾ ಶೂಟರ್ ಎನಿಸಿದರು.

ಕರ್ನಾಟಕದ ಪಾಲೂ ಕಡಿಮೆಯಿಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲ್‌ನ ಬೆಳ್ಳಿ ಗೆದ್ದವರು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಕರ್ನಾಟಕದ ದಿವ್ಯಾ ಟಿ.ಎಸ್. ಮಹಿಳಾ ತಂಡ ಮತ್ತು ಮಿಶ್ರ ತಂಡ ಎರಡರಲ್ಲೂ ಬೆಳ್ಳಿ ಪಡೆದರು. ಇವರೆಲ್ಲರ ಸಾಧನೆ ಕಂಡು ಪಿಸ್ತೂಲ್ ಹಿಡಿಯಲು ಬರುವ ಮಕ್ಕಳಿಗೆ ಮೊದಲು ಎದುರಾಗುವುದೇ ಸಲಕರಣೆಯ ಗೊಂದಲ.

ಏರ್‌ಸಾಫ್ಟ್ ಬೇರೆ, ಏರ್ ಪಿಸ್ತೂಲ್ ಬೇರೆ

ಆನ್‌ಲೈನ್ ವಿಡಿಯೊಗಳಲ್ಲಿ 'ಪಿಸ್ತೂಲ್ ಅಪ್‌ಗ್ರೇಡ್' ಎಂದು ಹುಡುಕಿದರೆ ಸಿಗುವುದು ಹೆಚ್ಚಾಗಿ ಗ್ಯಾಸ್ ಬ್ಲೋಬ್ಯಾಕ್ ಏರ್‌ಸಾಫ್ಟ್ ಪಿಸ್ತೂಲುಗಳ ಮಾಹಿತಿ. ಇವು 6 ಮಿಲಿಮೀಟರ್ ಪ್ಲಾಸ್ಟಿಕ್ ಗುಂಡು ಹಾರಿಸುವ, ನಿಜವಾದ ಪಿಸ್ತೂಲನ್ನು ಹೋಲುವ ಆಟದ ಸಾಧನಗಳು. ಮ್ಯಾಗಜಿನ್‌ನಲ್ಲಿ ತುಂಬಿದ ಅನಿಲದ ಒಂದು ಪಾಲು ಗುಂಡನ್ನು ತಳ್ಳಿದರೆ, ಇನ್ನೊಂದು ಪಾಲು ಮೇಲಿನ ಸ್ಲೈಡನ್ನು ಹಿಂದಕ್ಕೆ ದಬ್ಬಿ ಹಿನ್ನೊದೆತದ ಅನುಭವ ಕೊಡುತ್ತದೆ. 0.2 ಗ್ರಾಂ ಗುಂಡು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 1 ಜೂಲ್.

ಇಲ್ಲಿ ಅಪ್‌ಗ್ರೇಡ್ ಎಂದರೆ ಸಾಮಾನ್ಯವಾಗಿ ಲೋಹದ ಸ್ಲೈಡ್, ಗಟ್ಟಿ ಸ್ಪ್ರಿಂಗ್, ಹೆಚ್ಚು ಒತ್ತಡದ ಅನಿಲ. ಪುಣೆಯಂಥ ಊರಿನಲ್ಲಿ ಇದಕ್ಕೊಂದು ತೊಡಕಿದೆ. ಚಳಿಗಾಲದ ಮುಂಜಾವಿನಲ್ಲಿ 10–12 ಡಿಗ್ರಿಗೆ ಇಳಿಯುವ ಉಷ್ಣಾಂಶ, ಏಪ್ರಿಲ್‌ನಲ್ಲಿ 38–40 ಡಿಗ್ರಿ ಮುಟ್ಟುತ್ತದೆ. ಏರ್‌ಸಾಫ್ಟ್‌ನಲ್ಲಿ ಬಳಸುವ 134ಎ ಅನಿಲದ ಒತ್ತಡ 20 ಡಿಗ್ರಿಯಲ್ಲಿ ಸುಮಾರು 5.7 ಬಾರ್ ಇದ್ದರೆ, 40 ಡಿಗ್ರಿಯಲ್ಲಿ ಸುಮಾರು 10 ಬಾರ್. ಅಂದರೆ ಏನೂ ಬದಲಿಸದಿದ್ದರೂ ಬೇಸಿಗೆಯೇ ಪಿಸ್ತೂಲಿನ ಒತ್ತಡ ಹೆಚ್ಚಿಸಿಬಿಡುತ್ತದೆ. ಪ್ರೊಪೇನ್ ಆಧಾರಿತ 'ಗ್ರೀನ್ ಗ್ಯಾಸ್' ಒತ್ತಡ ಇದಕ್ಕಿಂತಲೂ ಹೆಚ್ಚು. 134ಎ ಅನಿಲಕ್ಕೆಂದು ಮಾಡಿದ ಪ್ಲಾಸ್ಟಿಕ್ ಸ್ಲೈಡ್‌ಗಳು ಅದರ ಹೊಡೆತಕ್ಕೆ ಬಿರುಕು ಬಿಡುವುದುಂಟು. ಅಲ್ಲಿಯೂ ಶಕ್ತಿ ಹೆಚ್ಚಿಸುವುದಕ್ಕಿಂತ ಒಳನಳಿಕೆ, ಗುಂಡಿಗೆ ಹಿಂಸುತ್ತು ಕೊಡುವ ಹಾಪ್-ಅಪ್ ರಬ್ಬರ್ ಮತ್ತು ಸೀಲ್‌ಗಳನ್ನು ಸುಸ್ಥಿತಿಯಲ್ಲಿ ಇಡುವುದೇ ಗುರಿಗೆ ಹೆಚ್ಚು ಸಹಾಯಕ.

ಒಲಿಂಪಿಕ್ ಏರ್ ಪಿಸ್ತೂಲ್ ಇದಕ್ಕೆ ತದ್ವಿರುದ್ಧ. ಅಲ್ಲಿ ಹಿನ್ನೊದೆತ ಇರಬಾರದು, ವೇಗ ಹೆಚ್ಚಬೇಕಿಲ್ಲ, ಪ್ರತಿ ಹೊಡೆತವೂ ಒಂದೇ ರೀತಿ ಇರಬೇಕು. 4.5 ಮಿಲಿಮೀಟರ್ ಸೀಸದ ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುತ್ತದೆ. ಪೆಲೆಟ್ ತೂಕ ಅರ್ಧ ಗ್ರಾಂ ಆಸುಪಾಸು. ಶಕ್ತಿ 5–6 ಜೂಲ್ ಮಾತ್ರ. ಒಂದು ಕಾಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿದ ಪಿಸ್ತೂಲುಗಳು ಬಳಕೆಯಲ್ಲಿದ್ದವು. ಆ ಅನಿಲದ ಒತ್ತಡವೂ 20 ಡಿಗ್ರಿಯಲ್ಲಿ 57 ಬಾರ್, 30 ಡಿಗ್ರಿಯಲ್ಲಿ 72 ಬಾರ್ ಎಂಬಂತೆ ಬಿಸಿಲಿಗೆ ಏರುತ್ತಿತ್ತು. ಅದನ್ನು ಬಿಟ್ಟು 200 ಬಾರ್ ಒತ್ತಡದ ಸಾದಾ ಗಾಳಿ ಮತ್ತು ಒತ್ತಡವನ್ನು ಸಮನಾಗಿಡುವ ರೆಗ್ಯುಲೇಟರ್ ಬಂದದ್ದು ಈ ಏರುಪೇರು ತಪ್ಪಿಸಲೆಂದೇ.

ನಿಯಮದ ಗೆರೆ ಎಲ್ಲಿದೆ?

ಪಿಸ್ತೂಲಿಗೆ ಏನೇ ಬದಲಾವಣೆ ಮಾಡಿದರೂ ಅದು ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ (ಐಎಸ್‌ಎಸ್‌ಎಫ್) ನಿಯಮದೊಳಗೇ ಇರಬೇಕು. ಮುಖ್ಯ ನಿಯಮಗಳು ಇವು:

* ಕ್ಯಾಲಿಬರ್ 4.5 ಮಿಲಿಮೀಟರ್, ಒಮ್ಮೆಗೆ ಒಂದೇ ಪೆಲೆಟ್ ತುಂಬಬೇಕು.
* ಒಟ್ಟು ತೂಕ 1,500 ಗ್ರಾಂ ಮೀರಬಾರದು.
* ಟ್ರಿಗರ್ ಎಳೆತ ಕನಿಷ್ಠ 500 ಗ್ರಾಂ ಇರಬೇಕು.
* ಇಡೀ ಪಿಸ್ತೂಲ್ 420 x 200 x 50 ಮಿಲಿಮೀಟರ್ ಅಳತೆಯ ಪೆಟ್ಟಿಗೆಯೊಳಗೆ ಕೂರಬೇಕು.
* ತೆರೆದ ಸೈಟ್ ಮಾತ್ರ. ದೂರದರ್ಶಕ, ಲೇಸರ್, ಮಸೂರ ಅಳವಡಿಸುವಂತಿಲ್ಲ.
* ಹಿಡಿಯ ಯಾವ ಭಾಗವೂ ಮಣಿಕಟ್ಟಿಗೆ ಆಸರೆ ಕೊಡಬಾರದು.

ಸ್ಪರ್ಧೆಗೆ ಮುನ್ನ ಸಲಕರಣೆ ತಪಾಸಣೆ ಇರುತ್ತದೆ. ಸ್ಪರ್ಧೆ ಮುಗಿದ ಮೇಲೂ ಕೆಲವರನ್ನು ಆಯ್ದು ಟ್ರಿಗರ್ ತೂಕ ಪರೀಕ್ಷಿಸುತ್ತಾರೆ. ಆಗ 500 ಗ್ರಾಂ ತೂಕವನ್ನು ಟ್ರಿಗರ್ ಎತ್ತಿ ಹಿಡಿಯದಿದ್ದರೆ 60 ಹೊಡೆತಗಳ ಶ್ರಮವೂ ವ್ಯರ್ಥ, ಶೂಟರ್ ಅನರ್ಹ.

ಮೊದಲ ಕೆಲಸ: ಹಿಡಿ

ಅಕ್ರೋಟು ಮರದ ಹಿಡಿ (ಗ್ರಿಪ್) ಸಣ್ಣ, ಮಧ್ಯಮ, ದೊಡ್ಡ ಎಂದು ಬೇರೆ ಬೇರೆ ಅಳತೆಗಳಲ್ಲಿ ಬರುತ್ತದೆ. ಅಂಗೈಗೆ ದೊಡ್ಡದಾದ ಹಿಡಿ ಇಟ್ಟುಕೊಂಡು ಪಿಸ್ತೂಲನ್ನು ದೂರುವವರೇ ಹೆಚ್ಚು. ಹಿಡಿ ಸರಿಯಿದೆಯೇ ಎಂದು ತಿಳಿಯಲು ಸರಳ ಪರೀಕ್ಷೆಯೊಂದಿದೆ. ಖಾಲಿ ಪಿಸ್ತೂಲನ್ನು ಗುರಿಯತ್ತ ಎತ್ತಿ, ಕಣ್ಣು ಮುಚ್ಚಿ, ಕೈ ನೆಲೆಗೊಂಡ ಮೇಲೆ ಕಣ್ಣು ತೆರೆಯಬೇಕು. ಮುಂಬದಿ ಸೈಟ್ ಹಿಂಬದಿಯ ಸೀಳಿನ ಮಧ್ಯದಲ್ಲೇ ಇದ್ದರೆ ಹಿಡಿ ಸರಿಯಾಗಿ ಕೂತಿದೆ. ಪ್ರತಿ ಬಾರಿಯೂ ಎಡಕ್ಕೋ ಬಲಕ್ಕೋ ಸರಿದಿದ್ದರೆ ಹಿಡಿಯ ತಿರುವನ್ನೂ, ಮೇಲೆ ಅಥವಾ ಕೆಳಗೆ ಹೋಗಿದ್ದರೆ ಅದರ ಓರೆಯನ್ನೂ ಸ್ಕ್ರೂ ಮೂಲಕ ಹೊಂದಿಸಬೇಕು. ಹತ್ತಿಪ್ಪತ್ತು ಬಾರಿ ಪುನರಾವರ್ತಿಸಿದ ಮೇಲಷ್ಟೇ ತೀರ್ಮಾನಕ್ಕೆ ಬರಬೇಕು.

ಈ ಹೊಂದಾಣಿಕೆ ಏಕೆ ಮುಖ್ಯ ಎಂಬುದಕ್ಕೆ ಲೆಕ್ಕವೇ ಉತ್ತರ. ಮುಂದಿನ ಮತ್ತು ಹಿಂದಿನ ಸೈಟ್ ನಡುವಿನ ಅಂತರ 330 ಮಿಲಿಮೀಟರ್ ಎಂದುಕೊಳ್ಳಿ. ಮುಂಬದಿ ಸೈಟ್ ಸೀಳಿನೊಳಗೆ 0.1 ಮಿಲಿಮೀಟರ್ ಸರಿದರೂ 10 ಮೀಟರ್ ಆಚೆ ಪೆಲೆಟ್ 3 ಮಿಲಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಹತ್ತರ ವೃತ್ತದ ವ್ಯಾಸವೇ 11.5 ಮಿಲಿಮೀಟರ್. ಸೈಟ್ 0.3 ಮಿಲಿಮೀಟರ್ ಸರಿದರೆ ಹತ್ತು ಹೋಗಿ ಒಂಬತ್ತು ಬರುತ್ತದೆ. ಆದರೆ ಇಡೀ ತೋಳು ನೇರವಾಗಿ 3 ಮಿಲಿಮೀಟರ್ ಅಲುಗಿದರೆ ಪೆಲೆಟ್ ಸರಿಯುವುದೂ 3 ಮಿಲಿಮೀಟರ್ ಮಾತ್ರ. ಕೈ ನಡುಕಕ್ಕಿಂತ ಮಣಿಕಟ್ಟಿನ ಬಾಗು ಅಪಾಯಕಾರಿ ಎನ್ನುವುದು ಇದಕ್ಕೇ.

ಹಿಡಿಯ ಮರವನ್ನು ತಂದ ದಿನವೇ ಅರದಿಂದ ಉಜ್ಜಲು ಕೂರಬಾರದು. ಕೆಲವು ವಾರ ಅಭ್ಯಾಸ ಮಾಡಿ, ಎಲ್ಲಿ ಒತ್ತುತ್ತದೆ, ಎಲ್ಲಿ ಖಾಲಿ ಬಿಡುತ್ತದೆ ಎಂದು ಗುರುತಿಸಬೇಕು. ಅಂಗೈಗೆ ಸೀಮೆಸುಣ್ಣದ ಪುಡಿ ಸವರಿ ಹಿಡಿದರೆ ತಾಗುವ ಜಾಗಗಳು ಮರದ ಮೇಲೆ ಕಾಣುತ್ತವೆ. ಖಾಲಿ ಇರುವಲ್ಲಿ ವುಡ್ ಪುಟ್ಟಿ ತುಂಬಿ, ಒತ್ತುವಲ್ಲಿ ಸ್ಯಾಂಡ್ ಪೇಪರ್‌ನಿಂದ ತುಸುತುಸುವೇ ಉಜ್ಜಬೇಕು. ಪುಟ್ಟಿ ತಪ್ಪಾದರೆ ಕೆರೆದು ತೆಗೆಯಬಹುದು. ಕೊರೆದ ಮರ ಮರಳಿ ಬಾರದು. ತೋರುಬೆರಳು ಮರಕ್ಕೆ ತಾಗದೆ ಮುಕ್ತವಾಗಿ ಚಲಿಸಬೇಕು. ಅಂಗೈ ಕೆಳಗಿನ ಹಲಗೆ (ಪಾಮ್ ಶೆಲ್ಫ್) ಕೈಯನ್ನು ಹಿಂಡುವಷ್ಟು ಬಿಗಿಯಾಗಿರಬಾರದು. ಸೆಕೆಗಾಲದಲ್ಲಿ ಕೈ ಸ್ವಲ್ಪ ಊದಿಕೊಳ್ಳುವುದರಿಂದ, ಜನವರಿಯಲ್ಲಿ ಹೊಂದಿಸಿದ ಹಲಗೆಯನ್ನು ಏಪ್ರಿಲ್‌ನಲ್ಲಿ ಮತ್ತೆ ಪರೀಕ್ಷಿಸುವುದು ಒಳ್ಳೆಯದು. ಬೆಳೆಯುವ ಮಕ್ಕಳಿಗಂತೂ ಆರು ತಿಂಗಳಿಗೊಮ್ಮೆ ಈ ಪರೀಕ್ಷೆ ಬೇಕೇ ಬೇಕು.

ಟ್ರಿಗರ್: ಹಗುರ ಮಾಡುವುದಲ್ಲ, ಸ್ಪಷ್ಟ ಮಾಡುವುದು

ಸ್ಪರ್ಧಾ ಪಿಸ್ತೂಲಿನ ಟ್ರಿಗರ್‌ಗೆ ಎರಡು ಹಂತ. ಮೊದಲ ಹಂತದಲ್ಲಿ ಬೆರಳು ಸ್ವಲ್ಪ ದೂರ ಸಾಗಿ ಒಂದು ತಡೆಗೆ ಬಂದು ನಿಲ್ಲುತ್ತದೆ. ಎರಡನೇ ಹಂತದಲ್ಲಿ ಇನ್ನಷ್ಟು ಒತ್ತಿದಾಗ ಗುಂಡು ಹೊರಡುತ್ತದೆ. ಒಟ್ಟು ತೂಕದ ಹೆಚ್ಚಿನ ಪಾಲನ್ನು ಮೊದಲ ಹಂತಕ್ಕೆ ಕೊಟ್ಟು, ಎರಡನೇ ಹಂತಕ್ಕೆ 100–150 ಗ್ರಾಂ ಉಳಿಸಿಕೊಳ್ಳುವುದು ಸಾಮಾನ್ಯ ಪದ್ಧತಿ. ಎರಡನೇ ಹಂತ ತೀರಾ ಹಗುರವಾದರೆ ಹೊಸಬರ ಬೆರಳು ತಡೆಯನ್ನು ಗುರುತಿಸದೆ, ಗುರಿ ನೆಲೆಗೊಳ್ಳುವ ಮೊದಲೇ ಗುಂಡು ಹೋಗಿಬಿಡುತ್ತದೆ.

ಒಟ್ಟು ತೂಕವನ್ನು ಸರಿಯಾಗಿ 500ಕ್ಕೆ ನಿಲ್ಲಿಸದೆ 510–520 ಗ್ರಾಂ ಇಡುವುದು ಕ್ಷೇಮ. ಉಷ್ಣಾಂಶ, ಸವೆತ ಅಥವಾ ಸಡಿಲಗೊಂಡ ಸ್ಕ್ರೂನಿಂದ ತೂಕ ತುಸು ಇಳಿದರೂ ಅನರ್ಹತೆಯ ಭಯ ಇರುವುದಿಲ್ಲ. ಟ್ರಿಗರ್ ಬ್ಲೇಡನ್ನು ಹಿಂದೆ ಮುಂದೆ ಸರಿಸಿ, ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ನೇರವಾಗಿ ಹಿಂದಕ್ಕೆ ಒತ್ತುವಂತೆ ನೋಡಿಕೊಳ್ಳಬೇಕು. ಗುಂಡು ಹೋದ ಬಳಿಕ ಟ್ರಿಗರ್ ಇನ್ನೂ ಹಿಂದಕ್ಕೆ ಓಡದಂತೆ ತಡೆಯುವ ಸ್ಕ್ರೂ ಇರುತ್ತದೆ. ಎಲೆಕ್ಟ್ರಾನಿಕ್ ಟ್ರಿಗರ್ ಇದ್ದರೆ ಬ್ಯಾಟರಿಯ ಜವಾಬ್ದಾರಿಯೂ ಸೇರಿಕೊಳ್ಳುತ್ತದೆ.

ಒಮ್ಮೆಗೆ ಒಂದೇ ಸ್ಕ್ರೂ, ಅದೂ ಕಾಲು ಸುತ್ತು ಮಾತ್ರ ತಿರುಗಿಸಿ, ಹಳೆಯ ಸ್ಥಾನವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಉತ್ತಮ. ಎರಡು ಮೂರು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಲಾಭವಾಯಿತು ಎಂಬುದೇ ತಿಳಿಯದು.

ಸೈಟ್ ಮತ್ತು ಪೆಲೆಟ್

ಮುಂಬದಿ ಸೈಟ್‌ನ ಅಗಲ ಮತ್ತು ಹಿಂಬದಿ ಸೀಳಿನ ಅಗಲ ಎರಡನ್ನೂ ಬದಲಿಸಬಹುದು. ಮುಂಬದಿ ಪಟ್ಟಿಯ ಎರಡೂ ಪಕ್ಕ ಬೆಳಕಿನ ಗೆರೆ ಸಮನಾಗಿ ಕಾಣಬೇಕು. ಗೆರೆ ತೀರಾ ಸಣ್ಣದಾದರೆ ಕಣ್ಣು ಬೇಗ ದಣಿಯುತ್ತದೆ. ತೀರಾ ಅಗಲವಾದರೆ ಮಧ್ಯ ಯಾವುದೆಂದು ಗೊತ್ತಾಗುವುದಿಲ್ಲ. ಬಹುತೇಕ ಶೂಟರ್‌ಗಳು ಕಪ್ಪು ವೃತ್ತದ ನಡುವಿಗೆ ಗುರಿ ಇಡದೆ, ಅದರ ಕೆಳಗಿನ ಬಿಳಿ ಭಾಗದಲ್ಲಿ ಸೈಟ್ ನಿಲ್ಲಿಸುತ್ತಾರೆ. ಕಪ್ಪಿನ ಮೇಲೆ ಕಪ್ಪು ಸೈಟ್ ಕರಗಿಹೋಗುವುದನ್ನು ಇದು ತಪ್ಪಿಸುತ್ತದೆ.

ಪೆಲೆಟ್‌ಗಳ ತಲೆಯ ಅಳತೆ 4.48, 4.49, 4.50 ಮಿಲಿಮೀಟರ್ ಎಂದು ಸೂಕ್ಷ್ಮವಾಗಿ ಬದಲಾಗುತ್ತದೆ. ಪಿಸ್ತೂಲನ್ನು ಅಲುಗದಂತೆ ಸ್ಟ್ಯಾಂಡ್‌ಗೆ ಬಿಗಿದು, ಒಂದೊಂದು ಬಗೆಯಲ್ಲೂ ಹತ್ತು ಹೊಡೆತ ಹಾರಿಸಿ, ಯಾವುದು ಅತಿ ಚಿಕ್ಕ ಗುಂಪು ಕೊಡುತ್ತದೆ ಎಂದು ನೋಡಿದರೆ ಸಾಕು. ಡಬ್ಬಿಯ ಮೇಲಿನ ಬ್ಯಾಚ್ ಸಂಖ್ಯೆ ಬರೆದಿಟ್ಟುಕೊಂಡರೆ ಮುಂದಿನ ಖರೀದಿಗೆ ಅನುಕೂಲ. ಪೆಲೆಟ್ ಸೀಸದ್ದಾದ್ದರಿಂದ ಅಭ್ಯಾಸದ ನಂತರ ಸೋಪಿನಿಂದ ಕೈ ತೊಳೆಯದೆ ಊಟ, ತಿಂಡಿ ಮುಟ್ಟಬಾರದು.

ಸಿಲಿಂಡರ್ ವಿಷಯದಲ್ಲಿ ರಾಜಿ ಬೇಡ

200 ಬಾರ್ ಎಂದರೆ ಕಾರಿನ ಟೈರ್‌ನ ಒತ್ತಡದ ಸುಮಾರು ನೂರು ಪಟ್ಟು. ಆದ್ದರಿಂದ ಇಡೀ ಪಿಸ್ತೂಲಿನಲ್ಲಿ ಮನೆಯಲ್ಲಿ ಬಿಚ್ಚಬಾರದ ಭಾಗ ಎಂದರೆ ಸಿಲಿಂಡರ್ ಮತ್ತು ಅದರ ವಾಲ್ವ್. ಸಿಲಿಂಡರ್ ಮೇಲೆ ತಯಾರಿಕೆಯ ದಿನಾಂಕ ಇರುತ್ತದೆ. ಸಾಮಾನ್ಯವಾಗಿ ತಯಾರಕರು ಕೊಡುವ ಅವಧಿ 10 ವರ್ಷ. ಅವಧಿಯೊಳಗಿನ ಸಿಲಿಂಡರ್ ಬಳಸುವುದು ಶೂಟರ್‌ನದ್ದೇ ಹೊಣೆ ಎಂದು ಐಎಸ್‌ಎಸ್‌ಎಫ್ ನಿಯಮವೇ ಹೇಳುತ್ತದೆ. ಸೆಕೆಂಡ್ ಹ್ಯಾಂಡ್ ಪಿಸ್ತೂಲ್ ಕೊಳ್ಳುವವರು ಮೊದಲು ನೋಡಬೇಕಾದದ್ದು ಈ ದಿನಾಂಕವನ್ನು. ಅವಧಿ ಮುಗಿದಿದ್ದರೆ ಹೊಸ ಸಿಲಿಂಡರ್‌ನ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಗಾಳಿ ತುಂಬುವಾಗ ನಿಧಾನವಾಗಿ ತುಂಬಬೇಕು. ಅವಸರದಲ್ಲಿ ತುಂಬಿದರೆ ಸಿಲಿಂಡರ್ ಬಿಸಿಯಾಗಿ, ತಣಿದ ಮೇಲೆ ಒತ್ತಡ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಪುಣೆಯ ಗಾಳಿಯಲ್ಲಿ ತೇವಾಂಶ ಹೆಚ್ಚು. ತೇವ ತೆಗೆಯುವ ಫಿಲ್ಟರ್ ಇಲ್ಲದ ಪಂಪ್‌ನಿಂದ ತುಂಬಿದರೆ ನೀರು ಒಳಗೆ ಸೇರಿ ವಾಲ್ವ್ ಮತ್ತು ರೆಗ್ಯುಲೇಟರ್ ಹಾಳಾಗುತ್ತವೆ. ಬೆಳಗಾವಿ, ಧಾರವಾಡ, ಮಂಗಳೂರಿನ ಶೂಟರ್‌ಗಳಿಗೂ ಇದು ಅಷ್ಟೇ ಅನ್ವಯ. ಅಧಿಕ ಒತ್ತಡದ ಗಾಳಿಯೊಂದಿಗೆ ಸಾಮಾನ್ಯ ಯಂತ್ರದ ಎಣ್ಣೆ ಬೆರೆತರೆ ಹೊತ್ತಿಕೊಳ್ಳುವ ಅಪಾಯವಿದೆ. ಹಾಗಾಗಿ ಒ-ರಿಂಗ್‌ಗಳಿಗೆ ತಯಾರಕರು ಹೇಳಿದ ಸಿಲಿಕೋನ್ ಗ್ರೀಸ್ ಮಾತ್ರ ಬಳಸಬೇಕು.

ಗೇಜ್‌ನ ಮುಳ್ಳು ಕೆಳಗಿನ ಮಿತಿಗೆ ಬರುವ ಮುನ್ನವೇ ಸಿಲಿಂಡರ್ ಬದಲಿಸಬೇಕು. ಒತ್ತಡ ತೀರಾ ಕುಸಿದಾಗ ರೆಗ್ಯುಲೇಟರ್ ಸಮತೋಲನ ತಪ್ಪಿ, ಪೆಲೆಟ್‌ಗಳು ಕಾರಣ ತಿಳಿಯದಂತೆ ಕೆಳಗೆ ಬೀಳತೊಡಗುತ್ತವೆ.

ಟೋಕಿಯೊ ಕಲಿಸಿದ ಪಾಠ

2021ರ ಜುಲೈ 25ರಂದು ಟೋಕಿಯೊ ಒಲಿಂಪಿಕ್ಸ್‌ನ ಮಹಿಳೆಯರ 10 ಮೀಟರ್ ಏರ್ ಪಿಸ್ತೂಲ್ ಅರ್ಹತಾ ಸುತ್ತಿನ ನಡುವೆಯೇ ಮನು ಭಾಕರ್ ಅವರ ಪಿಸ್ತೂಲ್ ಕೈಕೊಟ್ಟಿತು. ದುರಸ್ತಿಗೆ ಹಲವು ನಿಮಿಷಗಳು ಕಳೆದವು. ಉಳಿದ ಹೊಡೆತಗಳನ್ನು ಅವಸರದಲ್ಲೇ ಮುಗಿಸಬೇಕಾದ ಅವರು 575 ಅಂಕಗಳೊಂದಿಗೆ 12ನೇ ಸ್ಥಾನಕ್ಕೆ ಸರಿದರು. ಫೈನಲ್ ತಪ್ಪಿದ್ದು ಎರಡೇ ಅಂಕದಿಂದ. ಮೂರು ವರ್ಷಗಳ ನಂತರ, 2024ರ ಜುಲೈ 28ರಂದು, ಅದೇ ವಿಭಾಗದಲ್ಲಿ 221.7 ಅಂಕಗಳೊಂದಿಗೆ ಕಂಚು ಗೆದ್ದ ಅವರು ಒಲಿಂಪಿಕ್ ಪದಕ ಪಡೆದ ಭಾರತದ ಮೊದಲ ಮಹಿಳಾ ಶೂಟರ್ ಎನಿಸಿದರು.

60 ಹೊಡೆತಗಳಿಗೆ ಸಿಗುವುದು 75 ನಿಮಿಷ. ಶೂಟರ್‌ನ ಸ್ವಂತ ಪಿಸ್ತೂಲ್ ಕೆಟ್ಟರೆ ದುರಸ್ತಿಗೆ ಅವಕಾಶ ಉಂಟು, ಹೆಚ್ಚುವರಿ ಸಮಯ ಇಲ್ಲ. ಹಾಗಾಗಿ ಹೊಸ ಭಾಗಗಳಿಗೆ ಹಣ ಹಾಕುವ ಮೊದಲು ಸ್ಪರ್ಧೆಯ ಪೆಟ್ಟಿಗೆಯಲ್ಲಿ ಇವು ಇರಲೇಬೇಕು:

* ತುಂಬಿದ ಇನ್ನೊಂದು ಸಿಲಿಂಡರ್
* ಬದಲಿ ಒ-ರಿಂಗ್‌ಗಳು ಮತ್ತು ಸಿಲಿಕೋನ್ ಗ್ರೀಸ್
* ಪಿಸ್ತೂಲಿಗೆ ಹೊಂದುವ ಅಲೆನ್ ಕೀಗಳು, ಸ್ಕ್ರೂಡ್ರೈವರ್
* ಎಲೆಕ್ಟ್ರಾನಿಕ್ ಟ್ರಿಗರ್‌ಗೆ ಹೊಸ ಬ್ಯಾಟರಿ
* ಟ್ರಿಗರ್, ಸೈಟ್ ಹೊಂದಾಣಿಕೆ ಬರೆದಿಟ್ಟ ಪುಸ್ತಕ

ಹಿರಿಯ ಮಟ್ಟದ ಸ್ಪರ್ಧೆಗೆ ಹೋಗುವವರು ಅದೇ ರೀತಿ ಹೊಂದಿಸಿದ ಎರಡನೇ ಪಿಸ್ತೂಲನ್ನೂ ಸಿದ್ಧವಾಗಿ ಇಟ್ಟುಕೊಳ್ಳುತ್ತಾರೆ. ಮಹತ್ವದ ಸ್ಪರ್ಧೆಗೆ ಮುಂಚಿನ ಎರಡು ವಾರಗಳಲ್ಲಿ ಯಾವ ಹೊಸ ಬದಲಾವಣೆಯನ್ನೂ ಮಾಡದಿರುವುದು ಒಳಿತು.

ಕಾನೂನು ಏನು ಹೇಳುತ್ತದೆ?

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, 0.177 ಇಂಚು (4.5 ಮಿಲಿಮೀಟರ್) ಕ್ಯಾಲಿಬರ್ ಮತ್ತು 20 ಜೂಲ್ ಶಕ್ತಿಯ ಮಿತಿಯೊಳಗಿನ ಏರ್ ಗನ್‌ಗಳಿಗೆ ಪರವಾನಗಿ ಬೇಕಿಲ್ಲ. ಸ್ಪರ್ಧಾ ಏರ್ ಪಿಸ್ತೂಲ್ ಈ ಮಿತಿಗಿಂತ ಬಹಳ ಕೆಳಗಿದೆ. ಶಕ್ತಿ ಹೆಚ್ಚಿಸುವ ಮಾರ್ಪಾಡು ಮಾಡಿ ಆ ಮಿತಿ ದಾಟಿದರೆ ಅದು ಪರವಾನಗಿ ಬೇಕಾದ ಆಯುಧವಾಗುತ್ತದೆ. ಖರೀದಿ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ನಿಜವಾದ ಪಿಸ್ತೂಲಿನಂತೆಯೇ ಕಾಣುವ ಏರ್‌ಸಾಫ್ಟ್ ಆಗಲಿ, ಏರ್ ಪಿಸ್ತೂಲ್ ಆಗಲಿ, ಬಸ್ಸು, ರೈಲು, ಬೀದಿಯಲ್ಲಿ ಹೊರತೆಗೆಯಬಾರದು. ದೂರದಿಂದ ನೋಡುವ ಪೊಲೀಸರಿಗೆ ಎರಡೂ ಒಂದೇ. ಸಾಗಿಸುವಾಗ ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಪೆಲೆಟ್ ತುಂಬದೆ ಇಡಬೇಕು. ವಿಮಾನದಲ್ಲಿ ಒಯ್ಯುವುದಾದರೆ ಸಿಲಿಂಡರ್ ಕುರಿತ ನಿಯಮವನ್ನು ವಿಮಾನಯಾನ ಸಂಸ್ಥೆಯಲ್ಲಿ ಮೊದಲೇ ವಿಚಾರಿಸಬೇಕು.

ಹೊಸ ಪಿಸ್ತೂಲ್ ಯಾವಾಗ ಕೊಳ್ಳಬೇಕು?

ಸ್ಟ್ಯಾಂಡ್‌ಗೆ ಬಿಗಿದು ಹಾರಿಸಿದಾಗ ಪಿಸ್ತೂಲ್ ಹತ್ತಕ್ಕೆ ಹತ್ತೂ ಹೊಡೆತಗಳನ್ನು ಹತ್ತರ ವೃತ್ತದೊಳಗೇ ಇಡುತ್ತಿದ್ದರೆ, ಕಳೆದುಹೋಗುವ ಅಂಕಗಳಿಗೆ ಪಿಸ್ತೂಲ್ ಕಾರಣವಲ್ಲ. ಆಗ ಹಿಡಿ, ಟ್ರಿಗರ್ ಹೊಂದಾಣಿಕೆ ಮತ್ತು ಅಭ್ಯಾಸದ ಕಡೆ ಗಮನ ಕೊಡಬೇಕು. ಹೊಸ ಪೆಲೆಟ್, ಹೊಸ ಸೀಲ್ ಹಾಕಿದ ಮೇಲೂ ಸ್ಟ್ಯಾಂಡ್‌ನಲ್ಲೇ ಗುಂಪು ಚದುರುತ್ತಿದ್ದರೆ, ಸಿಲಿಂಡರ್ ಅವಧಿ ಮುಗಿದು ಬದಲಿ ಸಿಗದಿದ್ದರೆ, ಅಥವಾ ಚಿಕ್ಕ ಕೈಗೆ ಹೊಂದುವ ಹಿಡಿ ಆ ಮಾದರಿಯಲ್ಲಿ ಲಭ್ಯವೇ ಇಲ್ಲದಿದ್ದರೆ ಮಾತ್ರ ಹೊಸದರ ಖರ್ಚಿಗೆ ಅರ್ಥವಿದೆ. ಕೊಳ್ಳುವ ಮುನ್ನ ರೇಂಜ್‌ನಲ್ಲಿ ಎರಡು ಮೂರು ಮಾದರಿಗಳನ್ನು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ತೆರೆಯುವ ಅದೇ ಪರೀಕ್ಷೆಯನ್ನು ತರಬೇತುದಾರರ ಎದುರು ಮಾಡಿ ನೋಡಬಹುದು.